ಹೆಸರು ಹಿಡಿದು ಯಾರೂ ಹುಡುಕಲ್ಲ: ಪೀಣ್ಯದ ವರ್ಕ್‌ಶಾಪಿಗೆ ಲಿಂಕ್ಡ್‌ಇನ್ ಯಾಕೆ

(ಸಣ್ಣ ಕೈಗಾರಿಕೆಗಳ ಮಾಲೀಕರ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದವರು ಜಿಎಸ್‌ಟಿ ವಿಷಯಕ್ಕೆ ಸ್ವಲ್ಪ ಹೆಚ್ಚೇ ಸಮಯ ತಗೊಂಡರು. ಅವರ ತಪ್ಪಲ್ಲ, ಜಿಎಸ್‌ಟಿ ಅಂದಮೇಲೆ ತಗೊಳ್ಳೋದೇ ಅದರ ಸ್ವಭಾವ. ನನ್ನ ಪಾಲಿಗೆ ಬಂದಿರೋದು ಊಟದ ವಾಸನೆ ಬರೋ ಹೊತ್ತು. ಆದಷ್ಟು ಬೇಗ ಮುಗಿಸ್ತೀನಿ.

ಲಿಂಕ್ಡ್‌ಇನ್ ಅಂದ ತಕ್ಷಣ ಮುಂದಿನ ಸಾಲಿನಲ್ಲಿ ಒಬ್ಬರು ನಕ್ಕರು, ನೋಡಿದೆ. "ಅದು ಸಾಫ್ಟ್‌ವೇರ್ ಹುಡುಗರು ಕೆಲಸ ಬದಲಾಯಿಸೋಕೆ ಇಟ್ಕೊಂಡಿರೋದು, ನಮಗೆ ಬೇಕಿರೋದು ಆರ್ಡರ್ ಸ್ವಾಮಿ" ಅಂತ ತಾನೇ? ಸರಿ. ನಿಮಗೆ ಇಲ್ಲಿವರೆಗೆ ಆರ್ಡರ್ ಹೇಗೆ ಬಂತು ಅಂತ ಮೊದಲು ನೋಡೋಣ.

ನಿಮ್ಮಲ್ಲಿ ಎಷ್ಟೋ ಜನರ ತಂದೆಯವರು ಶೆಡ್ ಹಾಕಿದ್ದು ಎಚ್‌ಎಂಟಿ, ಬಿಇಎಲ್, ಐಟಿಐ ಅಂಥ ಸರ್ಕಾರಿ ಕಾರ್ಖಾನೆಗಳನ್ನ ನಂಬಿಕೊಂಡು. ಒಂದು ಸಲ ವೆಂಡರ್ ಕೋಡ್, ಅಂದ್ರೆ ಮಾಲು ಕೊಡೋರ ಪಟ್ಟಿಯಲ್ಲಿ ನಿಮಗೊಂದು ನಂಬರ್, ಸಿಕ್ಕಿದರೆ ಮಗನ ಮದುವೆವರೆಗೂ ಚಿಂತೆ ಇರಲಿಲ್ಲ. ಪರ್ಚೇಸ್‌ನವರಿಗೆ ನಿಮ್ಮ ಮುಖ ಗೊತ್ತು, ಗೇಟಿನ ಸೆಕ್ಯೂರಿಟಿಗೆ ನಿಮ್ಮ ಸ್ಕೂಟರ್ ಗೊತ್ತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಮೈಕ್ರೋಸಾಫ್ಟ್, ಲಿಂಕ್ಡ್‌ಇನ್‌ನ 2,620 ಕೋಟಿ ಡಾಲರಿಗೆ ಕೊಳ್ತೀನಿ ಅಂತ ಘೋಷಿಸಿತು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಆದರೆ ನಿಮ್ಮ ಮುಖ ಗೊತ್ತಿದ್ದ ಕಡೆ ಬಾಗಿಲು ಮುಚ್ಚಿತು, ಮುಖ ಗೊತ್ತಿಲ್ಲದವರು ಹುಡುಕೋ ಕಡೆ ದುಡ್ಡು ಬಂದು ಬಿತ್ತು. ಅಷ್ಟು ಗಮನಿಸಿ.

ನಾನು ಪರ್ಚೇಸ್ ಸೀಟಿನಲ್ಲಿ ಕೂತೇ ತಲೆ ಬೆಳ್ಳಗೆ ಮಾಡಿಕೊಂಡವನು. ಆ ಕಡೆ ಕೂತವನ ಕಥೆ ಹೇಳ್ತೀನಿ. ಸಂಜೆ ಆರು ಗಂಟೆ. ಹಳೇ ವೆಂಡರ್ ಕಳಿಸಿದ ಲಾಟ್ ಪೂರ್ತಿ ರಿಜೆಕ್ಟ್ ಆಗಿದೆ, ಅಸೆಂಬ್ಲಿಯವರು ಕೂಗಾಡ್ತಿದ್ದಾರೆ. ಅವನು ಫೋನ್ ತೆಗೆದು ಲಿಂಕ್ಡ್‌ಇನ್‌ನಲ್ಲಿ "ಥಿನ್ ವಾಲ್ ಟರ್ನಿಂಗ್, ಅಲ್ಯೂಮಿನಿಯಂ, ಬ್ಯಾಂಗಲೋರ್" ಅಂತ ಹೊಡೀತಾನೆ. ನಿಮ್ಮ ಹೆಸರು ಹೊಡೆಯಲ್ಲ. ಅವನಿಗೆ ನಿಮ್ಮ ಹೆಸರೇ ಗೊತ್ತಿಲ್ಲವಲ್ಲ! ಈಗ ನಿಮ್ಮ ಪ್ರೊಫೈಲ್ ತೆಗೆದರೆ ಏನಿದೆ? "ಮ್ಯಾನೇಜಿಂಗ್ ಡೈರೆಕ್ಟರ್", ಪಕ್ಕದಲ್ಲಿ ಯಾವುದೋ ದೇವರ ಹೆಸರಿನ ಇಂಜಿನಿಯರಿಂಗ್ ವರ್ಕ್ಸ್. ಫೋಟೋದಲ್ಲಿ ಕೂಲಿಂಗ್ ಗ್ಲಾಸ್. ದೇವರ ಮೇಲೆ ನನಗೂ ಭಕ್ತಿ ಇದೆ, ಆದರೆ ಆ ಹುಡುಕಾಟದಲ್ಲಿ ದೇವರೂ ನಿಮ್ಮನ್ನ ಮೇಲೆ ತರಲ್ಲ. ಹೆಸರಿನ ಕೆಳಗಿನ ಸಾಲಿನಲ್ಲಿ 220 ಅಕ್ಷರಕ್ಕೆ ಜಾಗ ಇದೆ. ಯಾವ ಮೆಷಿನ್, ಯಾವ ಮೆಟೀರಿಯಲ್, ಎಷ್ಟು ಸೈಜಿನವರೆಗೆ, ಎಷ್ಟು ಮೈಕ್ರಾನ್ ಒಳಗೆ ಅಳತೆ ಹಿಡೀತೀರಿ, ಅದನ್ನ ಬರೀರಿ. ನೀವು ಯಾರು ಅನ್ನೋದು ಆಮೇಲೆ. ಏನು ಮಾಡ್ತೀರಿ ಅನ್ನೋದು ಮೊದಲು.

ಇಲ್ಲೇ ಪೀಣ್ಯ ಎರಡನೇ ಹಂತದಲ್ಲಿ ಒಬ್ಬರಿದ್ದಾರೆ. ಇವತ್ತು ಬಂದಿದ್ದಾರೋ ಏನೋ, ಹೆಸರು ಹೇಳಲ್ಲ. ಕಂಪ್ಯೂಟರ್ ನಡೆಸೋ ಮೆಷಿನ್ ಮೂರೇ: ಎರಡು ಸಿಎನ್‌ಸಿ ಲೇತ್, ಒಂದು ವಿಎಂಸಿ, ಅಷ್ಟೇ. ತೆಳು ಗೋಡೆಯ ಅಲ್ಯೂಮಿನಿಯಂ ರಿಂಗ್ ಮಾಡ್ತಿದ್ದರು. ನಿಮಗೆ ಗೊತ್ತು ಆ ಕಷ್ಟ. ಮೂರು ಜಾ ಚಕ್‌ನಲ್ಲಿ, ಅಂದ್ರೆ ಮೂರು ದವಡೆಯ ಹಿಡಿತದಲ್ಲಿ, ಹಿಡಿದಾಗ ಬೋರ್, ಅಂದ್ರೆ ಒಳಗಿನ ತೂತು, ಗುಂಡಗೇ ಬರುತ್ತೆ, ಬಿಟ್ಟ ತಕ್ಷಣ ಮೂರು ಕಡೆ ಉಬ್ಬುತ್ತೆ. ಅವರು ಅಗಲದ ಸಾಫ್ಟ್ ಜಾ (ಮೆದು ಲೋಹದ ದವಡೆ) ಹಾಕಿ, ರಿಂಗಿನ ಸೈಜಿಗೇ ಅದನ್ನ ಬೋರ್ ಮಾಡಿ, ಹಿಡಿತದ ಪ್ರೆಷರ್ ಇಳಿಸಿ ಸರಿಮಾಡಿದರು. ಆ ಜಾ ಬೋರ್ ಮಾಡೋದನ್ನ ಫೋನಲ್ಲಿ ಹಿಡಿದು ಲಿಂಕ್ಡ್‌ಇನ್‌ಗೆ ಹಾಕಿದರು. ಮಾತೆಲ್ಲ ಕನ್ನಡದಲ್ಲೇ. ಹಿಂದುಗಡೆ ಕೂಲಂಟ್ ಸದ್ದು, ಯಾರೋ "ಟೀ ಬಂತು" ಅಂತ ಕೂಗಿದ್ದೂ ಸೇರಿತ್ತು. ಕೆಳಗೆ ನಾಲ್ಕು ಸಾಲು ಇಂಗ್ಲಿಷ್, ಅದನ್ನ ತಿದ್ದಿದ್ದು ಅವರ ಮಗಳು.

ಬಂದ ಲೈಕ್ ಕೈಬೆರಳಲ್ಲಿ ಎಣಿಸಬಹುದಿತ್ತು. ಆದರೆ ಒಂದು ಕಾಮೆಂಟ್ ಇತ್ತು. ಪುಣೆಯಿಂದ ಒಬ್ಬ ರಿಟೈರ್ಡ್ ಕ್ವಾಲಿಟಿ ಇಂಜಿನಿಯರ್ ಕೇಳಿದ್ದರು: "ಎರಡು ಪಾಯಿಂಟ್ ಬೋರ್ ಗೇಜ್‌ನಲ್ಲಿ ನೋಡಿದ್ರಾ, ಮೂರು ಪಾಯಿಂಟ್‌ನಲ್ಲಾ?" ಪ್ರಶ್ನೆ ಸಣ್ಣದಲ್ಲ. ಮೂರು ಕಡೆ ಉಬ್ಬಿದ ಬೋರನ್ನ, ಎದುರುಬದುರು ಎರಡೇ ಕಡೆ ಮುಟ್ಟೋ ಎರಡು ಪಾಯಿಂಟ್ ಗೇಜ್‌ನಲ್ಲಿ ತಿರುಗಿಸಿ ತಿರುಗಿಸಿ ನೋಡಿದರೂ ಎಲ್ಲ ಕಡೆ ಒಂದೇ ಸೈಜ್ ತೋರಿಸುತ್ತೆ. ಗೇಜ್ ಓಕೆ ಅನ್ನುತ್ತೆ, ಬೇರಿಂಗ್ ಕೂರಲ್ಲ. ಬೇರೆಯವರಾಗಿದ್ದರೆ "ಥ್ಯಾಂಕ್ಯೂ ಸರ್" ಅಂತ ಒಂದು ಕೈಮುಗಿಯೋ ಚಿತ್ರ ಹಾಕಿ ಬಿಡ್ತಿದ್ದರು. ಇವರು ಹೋಗಿ ಮೂರು ಪಾಯಿಂಟ್ ಮೈಕ್ರೋಮೀಟರ್ ಸಾಲ ತಂದು, ಅಳತೆ ಮಾಡಿ, ರೀಡಿಂಗ್ ಫೋಟೋ ಅಲ್ಲೇ ಹಾಕಿದರು. ಒಳ್ಳೇದಿದ್ದದ್ದನ್ನೂ ಹಾಕಿದರು, ಅಳತೆ ಮೀರಿ ಹೋಗಿದ್ದ ಒಂದು ಪೀಸ್‌ದನ್ನೂ ಹಾಕಿದರು. ಪುಣೆಯವರಿಗೆ ಅದು ಹಿಡಿಸ್ತು. ಅವರ ಹಳೇ ಜೂನಿಯರ್ ಕೊಯಮತ್ತೂರಿನ ಒಂದು ಪಂಪ್ ಕಂಪನಿಯಲ್ಲಿದ್ದ. ಅವನಿಗೆ ವಿಡಿಯೋ ಕಳಿಸಿದರು. ಡ್ರಾಯಿಂಗ್ ಬಂತು, ಸ್ಯಾಂಪಲ್ ಹೋಯ್ತು, ಒಂದು ಸಲ ವಾಪಸ್ಸೂ ಬಂತು, ಆಮೇಲೆ ಪಿಓ, ಅಂದ್ರೆ ಪರ್ಚೇಸ್ ಆರ್ಡರ್, ಬಂತು.

ಈಗ ಯೋಚನೆ ಮಾಡಿ. ಆ ಆರ್ಡರ್ ಕೊಟ್ಟವನಿಗೆ ಇವರ ಹೆಸರು ಗೊತ್ತಿತ್ತಾ? ಇಲ್ಲ. ಕೆಲಸ ಗೊತ್ತಿತ್ತು.

1973ರಲ್ಲಿ ಮಾರ್ಕ್ ಗ್ರಾನೊವೆಟರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞ ಇದನ್ನೇ ಹೇಳಿದ್ದು. ಹತ್ತಿರದವರಿಗಿಂತ ಅಷ್ಟಕ್ಕಷ್ಟೇ ಪರಿಚಯ ಇರೋರಿಂದ ಹೊಸ ಸುದ್ದಿ ಬರುತ್ತೆ, ಯಾಕಂದ್ರೆ ಹತ್ತಿರದವರಿಗೆ ಗೊತ್ತಿರೋದು ನಿಮಗೂ ಗೊತ್ತಿರುತ್ತೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಮಾಹಿತಿ ಇಟ್ಕೊಂಡು ಪರೀಕ್ಷೆ ಮಾಡಿದಾಗಲೂ, ತೀರಾ ಆಪ್ತರಿಗಿಂತ ಮಧ್ಯಮ ಪರಿಚಯದವರೇ ಹೆಚ್ಚು ಉಪಯೋಗಕ್ಕೆ ಬಂದರು. ಅದು ನೌಕರಿ ಕುರಿತು ಮಾಡಿದ್ದು, ನಮ್ಮ ಜಾಬ್ ವರ್ಕ್ ಆರ್ಡರ್ ಕುರಿತು ಅಲ್ಲ, ಒಪ್ಪಿಕೊಳ್ತೀನಿ. ಆದರೆ ಈ ಹಾಲಲ್ಲಿ ಕೂತಿರೋರೆಲ್ಲ ಒಬ್ಬರಿಗೊಬ್ಬರು ಗೊತ್ತು, ಎಲ್ಲರ ಬಳಿ ಅವೇ ಮೂರು ಗಿರಾಕಿ. ಇಲ್ಲಿ ಇನ್ನೆಷ್ಟು ಕಾರ್ಡ್ ಹಂಚಿಕೊಳ್ತೀರಿ? ಬಿಐಇಸಿಯಲ್ಲಿ ಇಮ್‌ಟೆಕ್ಸ್ ಮೆಷಿನ್ ಪ್ರದರ್ಶನ ಮುಗಿದ ಮೇಲೆ ಕಾರ್ಡಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ ಡ್ರಾಯರ್‌ಗೆ ಎಸೀತೀರಲ್ಲ, ಆ ವಾರವೇ ಅವರನ್ನ ಲಿಂಕ್ಡ್‌ಇನ್‌ನಲ್ಲಿ ಹುಡುಕಿ, "ನಿಮ್ಮ ಸ್ಟಾಲಲ್ಲಿ ಇಂಥ ಪಾರ್ಟ್ ನೋಡಿದೆ" ಅಂತ ಒಂದು ಸಾಲು ಬರೆದು ಕನೆಕ್ಟ್ ಆಗಿ.

ಕನೆಕ್ಟ್ ಆದ ತಕ್ಷಣ ಕ್ಯಾಟಲಾಗ್ ಕಳಿಸಬೇಡಿ, ಕೈಮುಗಿದು ಕೇಳ್ಕೊಳ್ತೀನಿ. ಹೆಣ್ಣು ನೋಡೋಕೆ ಹೋದವರು ಹೊಸಿಲಲ್ಲೇ ನಿಂತು ಛತ್ರದ ಅಡ್ವಾನ್ಸ್ ಯಾರು ಕೊಡ್ತೀರಿ ಅಂದ ಹಾಗಾಗುತ್ತೆ. ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಕೂಡ ಬೇಡ. ಅದಕ್ಕೆ ವಾಟ್ಸಾಪ್ ಇದೆ, ಅಲ್ಲಿ ನಾವು ಸಹಿಸಿಕೊಂಡಿದ್ದೀವಿ.

ಇನ್ನೊಂದು, ಇದು ಗಂಭೀರ. ಗಿರಾಕಿಯ ಪಾರ್ಟ್ ಫೋಟೋ ಹಾಕೋ ಮುಂಚೆ ಅವರನ್ನ ಕೇಳಿ, ಮೇಲ್‌ನಲ್ಲೇ ಕೇಳಿ. ಡ್ರಾಯಿಂಗ್ ನಿಮ್ಮದಲ್ಲ, ಅವರದ್ದು. ಎಷ್ಟೋ ಕಡೆ ಗೋಪ್ಯತೆಯ ಕರಾರಿಗೆ ನೀವೇ ಸಹಿ ಹಾಕಿರ್ತೀರಿ, ಓದದೇ. ಬೆಂಚ್ ಮೇಲೆ ಹಾಸಿದ ಡ್ರಾಯಿಂಗ್ ಶೀಟ್ ಹಿಂದುಗಡೆ ಕಂಡರೂ ಸಾಕು, ವೆಂಡರ್ ಕೋಡ್‌ಗೆ ಕುತ್ತು. ಪೀಣ್ಯದವರು ಹಾಕಿದ್ದು ಜಾ, ರಿಂಗ್ ಅಲ್ಲ. ಪುಣೆಯವರು ಕೇಳಿದ ಮೇಲೆ ಅಳತೆ ತೋರಿಸೋಕೆ ಹಾಕಿದ್ದು ಸ್ಕ್ರಾಪ್ ಲೋಹದ ತುಂಡಿನಲ್ಲಿ ಬೇರೆ ಸೈಜಿಗೆ ತಿರುಗಿಸಿದ ರಿಂಗ್. ಹುಷಾರಿ ನೋಡಿ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. "ಐದು ನಿಮಿಷ" ಅಂತಿತ್ತು, ಹೊಡೆದು ಹಾಕಿ "ಎರಡು" ಮಾಡಿದ್ದಾರೆ. ಪೇಯ್ಡ್ ಪ್ರೀಮಿಯಂ ವಿಷಯ ಬಿಡ್ತೀನಿ, ಆರಂಭಕ್ಕೆ ಬೇಡ. ಕಂಪನಿ ಪೇಜ್ ಮಾಡಿ, ಆದರೆ ಮಾತು ನಿಮ್ಮ ಹೆಸರಲ್ಲೇ ಇರಲಿ. ದುಡ್ಡಿನ ವಿಷಯ ಮಾತ್ರ ಹೇಳಿಬಿಡ್ತೀನಿ: ಆನ್‌ಲೈನ್‌ನಲ್ಲಿ ಸಿಕ್ಕ ಹೊಸ ಗಿರಾಕಿಗೆ ಸಲೀಸಾಗಿ ಕ್ರೆಡಿಟ್ ಕೊಡಬೇಡಿ. ಜಿಎಸ್‌ಟಿ ನಂಬರ್ ತಗೊಂಡು ಪೋರ್ಟಲ್‌ನಲ್ಲಿ ಹಾಕಿದರೆ ರಿಟರ್ನ್ ಫೈಲ್ ಮಾಡಿದ್ದಾರೋ ಇಲ್ಲವೋ ತೋರಿಸುತ್ತೆ. ಹಿಂದಿನ ಭಾಷಣಕಾರರು ಅದನ್ನ ಹೇಳೋದು ಮರೆತರು.

ಊಟದ ಹಾಲಿನ ಬಾಗಿಲ ಹತ್ತಿರ ಎರಡು ಟೇಬಲ್ ಹಾಕಿಸಿದ್ದೀವಿ. ಇಬ್ಬರು ಡಿಪ್ಲೊಮಾ ಹುಡುಗಿಯರು ಕೂತಿರ್ತಾರೆ. ಫೋನ್ ಕೊಡಿ, ನಿಮ್ಮ ಮೆಷಿನ್ ಯಾವುದು, ಎಷ್ಟು ಮೈಕ್ರಾನ್ ಅಂತ ಹೇಳಿ, ಆ 220 ಅಕ್ಷರ ಬರೆದುಕೊಡ್ತಾರೆ. ಕೂಲಿಂಗ್ ಗ್ಲಾಸ್ ಫೋಟೋ ಇದ್ದವರು ಮೊದಲು ಬನ್ನಿ.