ಕಂಕುಳಿನ ಸುಟ್ಟ ಕಲೆಗೆ ಚರ್ಮ ಕಸಿ

ಕೇಳುಗರೆಲ್ಲರಿಗೂ ನಮಸ್ಕಾರ. ಸುಟ್ಟ ಗಾಯ ಮಾಯ್ದ ಮೇಲೂ ತೋಳೆತ್ತಲಾಗದೆ ಕಷ್ಟಪಡುತ್ತಿರುವವರು, ಅವರನ್ನು ನೋಡಿಕೊಳ್ಳುತ್ತಿರುವ ಮನೆಯವರು ಕೇಳುತ್ತಿದ್ದೀರಿ ಎಂದುಕೊಂಡೇ ಮಾತನಾಡುತ್ತೇನೆ.

ಕಂಕುಳು ಸುಟ್ಟಾಗ ನೋವಿಗೆ ಹೆದರಿ ತೋಳನ್ನು ಪಕ್ಕೆಗೆ ಒತ್ತಿಕೊಂಡೇ ಮಲಗುತ್ತಾರೆ. ಗಾಯ ಮಾಯುತ್ತಾ ಚರ್ಮ ಕುಗ್ಗುತ್ತದೆ. ಎದೆಗೂ ತೋಳಿಗೂ ನಡುವೆ ಕಲೆ ಬಿಗಿದು ಗಟ್ಟಿಯಾಗುತ್ತದೆ. ಹೀಗೆ ಗಟ್ಟಿಯಾದದ್ದು ಎಣ್ಣೆ ತಿಕ್ಕಿದರೆ ಬಿಡುವುದಿಲ್ಲ, ಕತ್ತರಿಸಿಯೇ ಬಿಡಿಸಬೇಕು. ಬಿಡಿಸಿದಾಗ ತೆರೆದುಕೊಳ್ಳುವ ಜಾಗಕ್ಕೆ ತೊಡೆಯಿಂದ ತೆಗೆದ ಚರ್ಮದ ಪದರವನ್ನು ಹೊದಿಸುತ್ತೇವೆ. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆ. ಮೊದಲ ಒಂದೆರಡು ದಿನ ಅದು ಗಾಯದ ತೇವವನ್ನೇ ಹೀರಿ ಬದುಕುತ್ತದೆ, ಆಮೇಲೆ ಕೆಳಗಿನ ರಕ್ತನಾಳಗಳು ಅದಕ್ಕೆ ಕೂಡಿಕೊಳ್ಳುತ್ತವೆ. ಸುಮಾರು 5ನೇ ದಿನ ಕಟ್ಟು ಬಿಚ್ಚಿದಾಗ, ಬಿಳಿಚಿಕೊಂಡಿದ್ದ ಚರ್ಮ ನಸುಗೆಂಪಾಗಿ ಹಿಡಿದುಕೊಂಡಿರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದರ ಸಂತೋಷ ತೀರಿಲ್ಲ.

ಆದರೆ ಕಸಿ ಮಾಡಿದ ಚರ್ಮವೂ ತಿಂಗಳುಗಟ್ಟಲೆ ಕುಗ್ಗಲು ನೋಡುತ್ತಿರುತ್ತದೆ. ಅದಕ್ಕೇ ಸ್ಪ್ಲಿಂಟ್, ಅಂದರೆ ತೋಳನ್ನು ಒಂದೇ ಭಂಗಿಯಲ್ಲಿ ಹಿಡಿದಿಡುವ ಗಟ್ಟಿ ಆಧಾರ, ಕೊಡುವುದು: ತೋಳು ದೇಹದಿಂದ 90 ಡಿಗ್ರಿ ದೂರ ನಿಲ್ಲಬೇಕು. ಮೊದಮೊದಲು ಹಗಲೂ ರಾತ್ರಿ, ಆಮೇಲೆ ರಾತ್ರಿ ಮಾತ್ರ, ಸುಮಾರು 6 ತಿಂಗಳು. ಸ್ಪ್ಲಿಂಟ್ ಬಿಚ್ಚಬೇಡಿ. ಇಂದು ನಾನು ಬಂದಿರುವುದೇ ಇದನ್ನು ಹೇಳಲು.

ಒಬ್ಬ ಹುಡುಗಿ ನನ್ನಲ್ಲಿಗೆ ಬಂದಿದ್ದಳು. ತಲೆ ಬಾಚಲು ಕೈ ಮೇಲೇಳುತ್ತಿರಲಿಲ್ಲ. ಸೊಂಟದಿಂದಲೇ ಬಾಗಿ ತಲೆಯನ್ನು ಬಾಚಣಿಗೆಯ ಬಳಿಗೆ ತರುತ್ತಿದ್ದಳು. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು, ಕಸಿ ಪೂರ್ತಿ ಹಿಡಿಯಿತು. ಮನೆಗೆ ಹೋದ ಮೇಲೆ ಮಗಳು ನಿದ್ದೆಯಿಲ್ಲದೆ ಹೊರಳಾಡುವುದನ್ನು ನೋಡಲಾರದೆ ತಾಯಿ ರಾತ್ರಿ ಹೊತ್ತು ಸ್ಪ್ಲಿಂಟ್ ಬಿಚ್ಚಿಡತೊಡಗಿದರು. ಮತ್ತೆ ತೋರಿಸಲು ಬಂದಾಗ ತೋಳು ಅರ್ಧಕ್ಕೇ ನಿಲ್ಲುತ್ತಿತ್ತು, ಕಸಿಯ ಅಂಚು ಬಿಗಿಯಾಗಿ ಕೈಗೆ ಸಿಗುತ್ತಿತ್ತು. ‘ಪಾಪ ಅನ್ನಿಸಿತು ಡಾಕ್ಟರೇ’ ಎಂದರು ತಾಯಿ. ಆ ಕರುಣೆ ನನಗೆ ಅರ್ಥವಾಗುತ್ತದೆ, ಆದರೂ ಒಪ್ಪಲಾರೆ. ಸ್ಪ್ಲಿಂಟ್ ಮತ್ತೆ ಹಾಕಿಸಿದೆವು. ಹುಡುಗಿ ಗೋಡೆಯ ಪಕ್ಕ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲೇರಿಸುತ್ತಿದ್ದಳು; ತಾಯಿ ಪೆನ್ಸಿಲಿನಲ್ಲಿ ಅಲ್ಲಿಗೊಂದು ಗೆರೆ ಎಳೆಯುತ್ತಿದ್ದರು. ಗೆರೆಗಳು ನಿಧಾನವಾಗಿ ಮೇಲೇರಿದವು, ಎರಡನೆಯ ಶಸ್ತ್ರಚಿಕಿತ್ಸೆ ತಪ್ಪಿತು. ಎಲ್ಲರಿಗೂ ಹಾಗೆ ತಪ್ಪುವುದಿಲ್ಲ, ಆದ್ದರಿಂದ ದಯವಿಟ್ಟು ಸ್ಪ್ಲಿಂಟ್ ಬಿಚ್ಚಬೇಡಿ.

ಸಮಯ ಮುಗಿಯುತ್ತಾ ಬಂತು. ಬಿಗಿತ ಸಣ್ಣ ಪಟ್ಟಿಯಷ್ಟೇ ಇದ್ದರೆ ಕಸಿ ಬೇಕಿಲ್ಲ, ಅಲ್ಲಿನ ಚರ್ಮವನ್ನೇ ಓರೆಯಾಗಿ ಕತ್ತರಿಸಿ ಸರಿಸಿ ಹೊಲಿಯುತ್ತೇವೆ. ತೊಡೆಯ ಗಾಯ ಎರಡು ವಾರದಲ್ಲಿ ಮಾಯುತ್ತದೆ, ಹೆದರಬೇಡಿ. ಮನೆಯಲ್ಲಿ ಯಾರಿಗಾದರೂ ಈಗಷ್ಟೇ ಕಂಕುಳು ಸುಟ್ಟಿದ್ದರೆ, ಕಲೆ ಬಿಗಿಯುವವರೆಗೆ ಕಾಯದೆ ಸ್ಪ್ಲಿಂಟ್ ಬೇಕೇ ಎಂದು ವೈದ್ಯರನ್ನು ಇವತ್ತೇ ಕೇಳಿ. ನಮಸ್ಕಾರ.