ಟಗರಿನ ಎದೆಗೆ ಹಚ್ಚಿದ ಕೆಮ್ಮಣ್ಣು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಹೆಚ್ಚಾದ ಕೊಡಗಿನಲ್ಲಿ ಕುರಿ ಸಾಕುವವರು ಕಡಿಮೆಯಾದರೂ, ಕುಶಾಲನಗರ, ಶನಿವಾರಸಂತೆ, ಕೊಡ್ಲಿಪೇಟೆಗಳ ಕಡೆ ಹತ್ತಿಪ್ಪತ್ತು ಕುರಿಗಳ ಸಣ್ಣ ಹಿಂಡು ಕಟ್ಟಿಕೊಂಡ ಮನೆಗಳಿವೆ. ಇಂಥ ಹಿಂಡಿನಲ್ಲಿ ಗಬ್ಬ ನಿಲ್ಲದಿದ್ದರೆ ಹೆಣ್ಣು ಕುರಿಯನ್ನೇ ದೂರಿ ಸಂತೆಗೆ ಹೊಡೆಯುತ್ತೇವೆ. ಟಗರಿನ ಕಡೆ ಕಣ್ಣು ಹಾಯಿಸುವುದೇ ಇಲ್ಲ.

ಕುರಿಯ ಗಬ್ಬ ಸುಮಾರು 147 ದಿನಗಳದ್ದು. ಆದರೆ ಭ್ರೂಣನಷ್ಟದ ಬಹುಪಾಲು ಮೊದಲ 30 ದಿನಗಳಲ್ಲೇ ಆಗಿಹೋಗುತ್ತದೆ. ಕಂದು, ಅಂದರೆ ದಿನ ತುಂಬದೆ ಬಿದ್ದ ಮರಿ, ಕಣ್ಣಿಗೆ ಕಾಣದಂತೆ ಭ್ರೂಣ ಗರ್ಭಕೋಶದಲ್ಲೇ ಕರಗುತ್ತದೆ. ಇದನ್ನು ಪತ್ತೆಹಚ್ಚಲು ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಟಗರಿನ ಎದೆಗೆ ಹಚ್ಚಿರಿ. ಅದು ಹತ್ತಿದ ಕುರಿಯ ಸೊಂಟದ ಮೇಲೆ ಕೆಂಪು ಗುರುತು ಬೀಳುತ್ತದೆ. ಆ ದಿನವನ್ನು ಬರೆದಿಟ್ಟುಕೊಂಡು, ಎರಡು ವಾರ ಕಳೆದ ಮೇಲೆ ಇದ್ದಿಲ ಪುಡಿಯ ಕಪ್ಪು ಹಚ್ಚಿರಿ. ಬೆದೆ ಸುಮಾರು 17 ದಿನಕ್ಕೊಮ್ಮೆ ಬರುವುದರಿಂದ, 17ನೇ ದಿನದ ಹೊತ್ತಿಗೆ ಕಪ್ಪು ಗುರುತು ಬಿದ್ದರೆ ಗಬ್ಬ ಕಟ್ಟಿಲ್ಲ, ಇಲ್ಲವೇ ಭ್ರೂಣ ತೀರ ಮೊದಲೇ ಸತ್ತಿದೆ. 25 ಅಥವಾ 30 ದಿನಗಳ ಮೇಲೆ ಬಿದ್ದರೆ, ಕಟ್ಟಿದ ಗಬ್ಬ ಕಳೆದಿರಬಹುದೆಂದು ಶಂಕಿಸಬೇಕು.

ಹೀಗೆ ಹಲವು ಕುರಿಗಳು ಮರಳಿ ಬೆದೆಗೆ ಬಂದರೆ, ಮೊದಲು ಟಗರಿನ ನಂಟು ವಿಚಾರಿಸಿರಿ. ಒಂದೇ ಒಕ್ಕದೊಳಗೆ, ಅಂದರೆ ಒಂದೇ ಮನೆತನದೊಳಗೆ, ಹೆಣ್ಣು ತಾರದ ನಾಡಿನಲ್ಲಿ, ಕೊಟ್ಟಿಗೆಯೊಳಗೆ ಮಾತ್ರ ತಂದೆ ಟಗರು ತನ್ನ ಮಗಳ ಜೊತೆಗೇ ಮೇಯುತ್ತಿರುತ್ತದೆ. ಆ ಕೂಡಿಕೆಯ ಮರಿಯಲ್ಲಿ ಒಳಸಂತಾನದ ಪ್ರಮಾಣ, ಅಂದರೆ ಒಂದೇ ಪೂರ್ವಜನ ವಂಶವಾಹಿ ಜೋಡಿಯಾಗಿ ಸೇರುವ ಸಂಭವ, ಶೇಕಡಾ 25. ಒಂದೇ ತಂದೆಗೆ ಬೇರೆ ಬೇರೆ ತಾಯಿಯಲ್ಲಿ ಹುಟ್ಟಿದವುಗಳ ಕೂಡಿಕೆಯಲ್ಲಿ 12.5. ತಂದೆಯಲ್ಲಿ ಒಂಟಿಯಾಗಿ ಅಡಗಿದ್ದ ದೋಷದ ವಂಶವಾಹಿ ಮರಿಯಲ್ಲಿ ಜೋಡಿಯಾಗಿ ಸೇರಿದರೆ ಭ್ರೂಣ ಉಳಿಯದಿರಬಹುದು. ಟಗರು ಬಂದ ಒಂದೂವರೆ ವರ್ಷದೊಳಗೆ ಅದರ ಹೆಣ್ಣುಮರಿಗಳೇ ಬೆದೆಗೆ ಬರುವುದರಿಂದ, ಅಷ್ಟರೊಳಗೆ ಅದನ್ನು ಬೇರೆ ಊರಿನ ಹಿಂಡಿನೊಡನೆ ಅದಲುಬದಲು ಮಾಡಿಕೊಳ್ಳುವುದು ಒಳ್ಳೆಯದು. ಮಕ್ಕಳು ಹೆಸರಿಟ್ಟು ಸಾಕಿದ ಟಗರನ್ನು ಕಳುಹಿಸುವುದು ಸುಲಭವಲ್ಲವೆಂದು ಬಲ್ಲೆ.

ಅವಳಿಯ ಆಸೆಯಿಂದ ನಾರಿ ಸುವರ್ಣದಂಥ ತಳಿ ತರುವವರೂ ಇದ್ದಾರೆ. ಆ ತಳಿಗೆ ಸುಂದರಬನದ ಗ್ಯಾರೋಲ್ ಕುರಿಯಿಂದ ಬಂದ ಬೂರೂಲ ಎಂಬ ವಂಶವಾಹಿಯಿಂದ ಅಂಡಗಳ ಸಂಖ್ಯೆ ಹೆಚ್ಚುತ್ತದೆ. ಅಂಡ ಹೆಚ್ಚಿದಂತೆ ಉಳಿಯದ ಭ್ರೂಣಗಳೂ ಹೆಚ್ಚುತ್ತವೆ. ಮೇವು ಸಾಲದ ಮನೆಗೆ ಅದು ಹೊರೆ.

ಆದರೆ ಗಬ್ಬದ ಕೊನೆಯ ತಿಂಗಳುಗಳಲ್ಲಿ ಒಂದರ ಹಿಂದೆ ಒಂದು ಕುರಿ ಕಂದು ಹಾಕಿದರೆ ವಂಶವಾಹಿಗಿಂತ ಮೊದಲು ಸೋಂಕನ್ನು ಶಂಕಿಸಬೇಕು. ಬ್ರುಸೆಲ್ಲಾ, ಕ್ಲಮೈಡಿಯಾ, ಟಾಕ್ಸೊಪ್ಲಾಸ್ಮಾ ಎಂಬ ರೋಗಾಣುಗಳು ಮನುಷ್ಯರಿಗೂ ತಗಲುತ್ತವೆ. ಕಂದನ್ನೂ ಮಾಸನ್ನೂ ಬರಿಗೈಯಲ್ಲಿ ಮುಟ್ಟದೆ, ನಾಯಿಗೆ ಸಿಗದಂತೆ ಮುಚ್ಚಿಟ್ಟು, ಪಶುವೈದ್ಯರಿಗೆ ತಿಳಿಸಿರಿ. ಮನೆಯ ಬಸುರಿ ಹೆಣ್ಣುಮಗಳು ಆ ದಿನಗಳಲ್ಲಿ ಕೊಟ್ಟಿಗೆಗೆ ಕಾಲಿಡದಿರಲಿ.