ಕಸಿ ಹಿಡಿದ ಮೇಲಿನ ಕಾವಲು

ಕಾಂಡಕೋಶ ಕಸಿ, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶಗಳನ್ನು ದೇಹಕ್ಕೆ ಸೇರಿಸುವ ಚಿಕಿತ್ಸೆ, ಮಾಡಿಸಿಕೊಂಡವರ ಮನೆಮಂದಿಯೆಲ್ಲ ಒಂದು ಅಂಕಿಗಾಗಿ ಕಾಯುತ್ತಿರುತ್ತಾರೆ. ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳೊಳಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಮೈಕ್ರೋಲೀಟರ್ ರಕ್ತಕ್ಕೆ 500 ದಾಟಿ ನಿಂತಾಗ, ವೈದ್ಯರು ‘ಕಸಿ ಹಿಡಿಯಿತು’ ಎನ್ನುತ್ತಾರೆ. ಆ ಸಂತೋಷ ನ್ಯಾಯವಾದದ್ದೇ. ಆದರೆ ಆ ಮಾತಿನ ಜೊತೆಗೇ ಇನ್ನೊಂದು ಮಾತನ್ನೂ ಮನೆಯವರಿಗೆ ಬಿಡಿಸಿ ಹೇಳಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ: ನ್ಯೂಟ್ರೋಫಿಲ್‌ಗಳು ಮುಖ್ಯವಾಗಿ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳನ್ನು ತಡೆಯುತ್ತವೆ, ವೈರಸ್‌ಗಳನ್ನು ಹದ್ದುಬಸ್ತಿನಲ್ಲಿಡುವ ಟಿ ಕೋಶಗಳು ಚೇತರಿಸಿಕೊಳ್ಳಲು, ವಿಶೇಷವಾಗಿ ಬೇರೊಬ್ಬರಿಂದ ಕೋಶ ಪಡೆದವರಲ್ಲಿ, ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಗುತ್ತದೆ.

ಅಪಾಯ ಹೊರಗಿನಿಂದಲೇ ಬರಬೇಕೆಂದೇನೂ ಇಲ್ಲ. ಸೈಟೊಮೆಗಾಲೊವೈರಸ್ ಅನ್ನೇ ನೋಡಿ. ಯಾವಾಗಲೋ ಸದ್ದಿಲ್ಲದೆ ದೇಹ ಹೊಕ್ಕ ಅದು ಜೀವನಪೂರ್ತಿ ಅಲ್ಲೇ ಅಡಗಿರುತ್ತದೆ. ಆರೋಗ್ಯವಂತರಿಗೆ ಅದರ ಅರಿವೂ ಇರುವುದಿಲ್ಲ. ರೋಗಿಯಲ್ಲಿ ಈ ವೈರಸ್ ಇದ್ದು, ದಾನಿಗೆ ಅದು ಎಂದೂ ತಗುಲಿಲ್ಲವಾದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಹೊಸದಾಗಿ ಬಂದ ಕೋಶಗಳಿಗೆ ಆ ಶತ್ರುವಿನ ಗುರುತೇ ಇರುವುದಿಲ್ಲ. ಅದು ಎಚ್ಚೆತ್ತರೆ ಶ್ವಾಸಕೋಶಕ್ಕೂ ಕರುಳಿಗೂ ಹಾನಿಯಾಗಬಹುದು. ಆದ್ದರಿಂದಲೇ ಜ್ವರವಿರಲಿ ಇಲ್ಲದಿರಲಿ, ವಾರವಾರವೂ ರಕ್ತದ ಪಿಸಿಆರ್ ಪರೀಕ್ಷೆ ಮಾಡಿಸುತ್ತಾರೆ. ‘ಆರಾಮಾಗಿದ್ದಾರಲ್ಲ, ಈ ವಾರ ಬೇಡ’ ಎಂದು ಅದನ್ನು ತಪ್ಪಿಸುವುದು ದೊಡ್ಡ ತಪ್ಪು. ಇದಕ್ಕೆ ಬಹುಕಾಲದಿಂದ ಬಳಸುತ್ತಿರುವ ಗ್ಯಾನ್‌ಸಿಕ್ಲೊವಿರ್ ಔಷಧಿ ರಕ್ತಕಣಗಳು ಹುಟ್ಟುವ, ಆಗಷ್ಟೇ ಚಿಗುರುತ್ತಿರುವ ಮೂಳೆಮಜ್ಜೆಯನ್ನೇ ಕುಗ್ಗಿಸಬಲ್ಲದು. ಮಜ್ಜೆಗೆ ಅಂಥ ಪೆಟ್ಟು ಕೊಡದೆ ಈ ವೈರಸ್ ಎಚ್ಚೆತ್ತುಕೊಳ್ಳದಂತೆ ತಡೆಯುವ ಲೆಟರ್ಮೊವಿರ್ ಔಷಧಿಗೆ 2017ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ದೊರೆತದ್ದು ಈ ಕಾರಣಕ್ಕೇ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

ಸರ್ಪಸುತ್ತು ಬಾರದಂತೆ ಅಸೈಕ್ಲೊವಿರ್ ಮಾತ್ರೆಯನ್ನು ಸಾಮಾನ್ಯವಾಗಿ ಒಂದು ವರ್ಷವಾದರೂ ನುಂಗಬೇಕು. ಹೀಗೆಯೇ ದೇಹದೊಳಗೆ ಅಡಗಿರುವ ಬಿಕೆ ಎಂಬ ವೈರಸ್ಸಿನ ಕಾಟ ಬೇರೆಯೇ ಬಗೆಯದು: ತೀವ್ರವಾದರೆ ಮೂತ್ರದಲ್ಲಿ ರಕ್ತದ ಗರಣೆಗಳು ಬಂದು, ಕಟ್ಟಿಕೊಂಡ ಮೂತ್ರಕೋಶವನ್ನು ನಳಿಕೆ ಹಾಕಿ ಹಗಲಿರುಳು ತೊಳೆಯಬೇಕಾಗುತ್ತದೆ. ಆ ನೋವಿನಲ್ಲಿ ರೋಗಿ ನಿದ್ದೆಯನ್ನೇ ಮರೆಯುತ್ತಾನೆ.

ಇನ್ನು ಹೊರಗಿನಿಂದ ಬರುವವು. ಪ್ಯಾರಾಇನ್‌ಫ್ಲುಯೆಂಜಾದಂಥ ವೈರಸ್ ನಿಮಗೆ ಎರಡು ದಿನ ಮೂಗು ಸೋರಿಸಿ ಹೋಗಬಹುದು. ಇವರಲ್ಲಿ ಅದು ಶ್ವಾಸಕೋಶಕ್ಕಿಳಿದರೆ ಕೊಡಲು ನಂಬಿಕೆಯ ಔಷಧಿಯಿಲ್ಲ. ಇಲ್ಲಿ ಎಚ್ಚರಿಕೆಯ ಭಾರವನ್ನೆಲ್ಲ ರೋಗಿಯ ಮೇಲೆಯೇ ಹೊರಿಸುವುದು ಸರಿಯಲ್ಲ. ಬಳಲಿ ಮಲಗಿದವರು ಪ್ರೀತಿಯಿಂದ ನೋಡಲು ಬಂದವರನ್ನು ‘ನಿಮಗೆ ಶೀತವಿದೆಯೇ?’ ಎಂದು ಹೇಗೆ ತಾನೇ ಕೇಳಿಯಾರು? ಆ ಪ್ರಶ್ನೆಯನ್ನು ಬಾಗಿಲಲ್ಲೇ ಕೇಳುವ ಹೊಣೆ ಮನೆಯವರದು.

ಲಸಿಕೆಯ ವಿಷಯವನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಬಾಲ್ಯದಲ್ಲಿ ಹಾಕಿಸಿಕೊಂಡ ಲಸಿಕೆಗಳ ರಕ್ಷಣೆ ಕಸಿಯ ನಂತರ ಕರಗಿಹೋಗುವುದರಿಂದ, ಐವತ್ತರ ಪ್ರಾಯದವರೂ ಹಸುಗೂಸಿನಂತೆ ಪೋಲಿಯೊ, ಧನುರ್ವಾಯುಗಳಿಂದ ಮತ್ತೆ ಮೊದಲಿಡಬೇಕು. ದಡಾರದಂಥ ಜೀವಂತ ಲಸಿಕೆಗಳನ್ನಂತೂ ಸಾಮಾನ್ಯವಾಗಿ ಎರಡು ವರ್ಷ ತುಂಬುವ ಮೊದಲು ಕೊಡುವಂತಿಲ್ಲ. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ನಡೆಯುತ್ತಿದ್ದರೆ ಆಗಲೂ ಇಲ್ಲ. ಬಿಡುಗಡೆಯ ದಿನವೇ ಈ ಲಸಿಕೆಗಳ ವೇಳಾಪಟ್ಟಿಯನ್ನು ಬರೆದು ಮನೆಯವರ ಕೈಗೆ ಕೊಡಬೇಕು. ಅದರ ಜೊತೆಗೆ, ಅದೇ ಸೂರಿನಡಿ ಇರುವ ಮಕ್ಕಳ ದಡಾರದ ಲಸಿಕೆಯೂ ದೊಡ್ಡವರ ಫ್ಲೂ ಲಸಿಕೆಯೂ ಆಗಿದೆಯೇ ಎಂದು ವೈದ್ಯರು ಅಂದೇ ಕೇಳಿ ತಿಳಿದುಕೊಳ್ಳಬೇಕು.